ಕೆಜಿಎಫ್ ಗಣಿಯಲ್ಲಿ ನ್ಯೂಟ್ರಿನೊ ಕಂಡುಹಿಡಿದದ್ದು ಹೋಮಿ ಭಾಭಾ ಅವರೇ? ಫಾರ್ವರ್ಡ್ ಮಾಡುವ ಮುನ್ನ ಈ ಕತೆ ಓದಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಆಳ ಎಂದರೆ ನಮಗೆ ಮೊದಲು ನೆನಪಾಗುವುದು ಬೋರ್‌ವೆಲ್. ಐನೂರು ಅಡಿಗೆ ನೀರು ಬಂದರೆ ಪುಣ್ಯ. ಸಾವಿರ ಅಡಿ ಇಳಿದರೂ ಬರೀ ಕಲ್ಲಿನ ಪುಡಿ ಎದ್ದರೆ ತೋಟದವರ ಎದೆ ಒಡೆಯುತ್ತದೆ. ಇದೇ ಕರ್ನಾಟಕದಲ್ಲಿ ಅರವತ್ತು ವರ್ಷಗಳ ಹಿಂದೆ ಕೆಲವರು ಏಳೂವರೆ ಸಾವಿರ ಅಡಿ ಆಳಕ್ಕೆ ಇಳಿದು ಕೆಲಸ ಮಾಡುತ್ತಿದ್ದರು. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಅವರು ಇಳಿದದ್ದು ನೆಲದಿಂದ ಸುಮಾರು 2,300 ಮೀಟರ್. ಅವರು ಹುಡುಕುತ್ತಿದ್ದದ್ದು ನೀರನ್ನಲ್ಲ, ಚಿನ್ನವನ್ನೂ ಅಲ್ಲ. ನಮ್ಮ ಮೈಯೊಳಗಿಂದ ಪ್ರತಿ ಕ್ಷಣ ಹಾದುಹೋದರೂ ನಮಗೆ ಗೊತ್ತೇ ಆಗದ ನ್ಯೂಟ್ರಿನೊ ಎಂಬ ಕಣವನ್ನು.

ಈ ಬಗ್ಗೆ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಂದೇಶ ಬಂದಿರಬಹುದು. ನ್ಯೂಟ್ರಿನೊ ಕಂಡುಹಿಡಿದದ್ದು ಭಾಭಾ, ನೊಬೆಲ್ ಹೊಡೆದುಕೊಂಡವರು ಬೇರೆಯವರು ಎಂಬುದು ಒಂದು. ನ್ಯೂಟ್ರಿನೊ ಎಂದರೆ ಅಪಾಯಕಾರಿ ವಿಕಿರಣ ಎಂಬುದು ಇನ್ನೊಂದು. ಭಾಭಾ ಸಾವಿನ ಹಿಂದೆ ಸಂಚಿತ್ತು ಎಂಬುದು ಮತ್ತೊಂದು. ಮೂರಕ್ಕೂ ಉತ್ತರ ಅವರ ಬದುಕಿನ ಕತೆಯಲ್ಲೇ ಇದೆ. ಆ ಕತೆಯನ್ನು ನಾವು ಮೊದಲಿನಿಂದ ನೋಡೋಣ.

ಮೈಸೂರಿನ ನಂಟು

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಅನುಕೂಲಸ್ಥ ಪಾರ್ಸಿ ಮನೆಯಲ್ಲಿ. ಆದರೆ ಮನೆತನಕ್ಕೆ ನಮ್ಮ ನಾಡಿನ ನಂಟು ಗಟ್ಟಿಯಾಗಿತ್ತು. ಅವರ ತಾತ ಹೋರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ಆ ಕಾಲದಲ್ಲಿ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ನಮ್ಮ ಮುತ್ತಜ್ಜಂದಿರು ಓದಿದ ಸರ್ಕಾರಿ ಶಾಲೆಗಳೂ ಅದೇ ಇಲಾಖೆಗೆ ಸೇರಿದ್ದವು.

ಹೋಮಿ ಅವರ ಸೋದರತ್ತೆ ಮೆಹರ್‌ಬಾಯಿ ದೊರಾಬ್ಜಿ ಟಾಟಾ ಅವರ ಪತ್ನಿ. ಹುಡುಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಅದಕ್ಕಾಗಿಯೇ 1927ರಲ್ಲಿ ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿ ಹೋಮಿ ಅವರ ಮನಸ್ಸು ಭೌತಶಾಸ್ತ್ರದ ಕಡೆ ವಾಲಿತು. ಎಂಜಿನಿಯರಿಂಗ್ ತನ್ನ ದಾರಿಯಲ್ಲ ಎಂದು ತಂದೆಗೆ ಪತ್ರ ಬರೆದರು. ಮೊದಲು ಎಂಜಿನಿಯರಿಂಗನ್ನು ಪ್ರಥಮ ದರ್ಜೆಯಲ್ಲಿ ಮುಗಿಸು, ಆಮೇಲೆ ಗಣಿತ ಓದಿಸುತ್ತೇನೆ ಎಂಬುದು ತಂದೆಯ ಷರತ್ತು. ಮಗ ಎರಡನ್ನೂ ಪ್ರಥಮ ದರ್ಜೆಯಲ್ಲೇ ಮುಗಿಸಿದರು.

ಆಕಾಶದಿಂದ ಬೀಳುವ ಮಳೆ

ಭಾಭಾ ಅವರನ್ನು ಸೆಳೆದದ್ದು ವಿಶ್ವಕಿರಣ. ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳು ನಮ್ಮ ವಾತಾವರಣಕ್ಕೆ ಬಡಿಯುತ್ತಲೇ ಇರುತ್ತವೆ. ಒಂದು ಕಣ ಬಡಿದರೆ ಹತ್ತು, ಹತ್ತರಿಂದ ನೂರು ಎಂಬಂತೆ ಹೊಸ ಕಣಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ಈ ಸುರಿಮಳೆ ಹೇಗೆ ಬೆಳೆಯುತ್ತದೆ ಎಂಬ ಲೆಕ್ಕವನ್ನು 1937ರಲ್ಲಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಸೇರಿ ಕೊಟ್ಟರು. ಇಪ್ಪತ್ತೇಳು ವರ್ಷದ ಭಾಭಾ ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ಆಗಲೇ.

ಆದರೆ ವಿಶ್ವಕಿರಣದ ಒಂದು ಪಾಲು ಆ ಲೆಕ್ಕಕ್ಕೆ ಸಿಗಲಿಲ್ಲ. ಅದು ಸೀಸದ ದಪ್ಪ ಗೋಡೆಯನ್ನೂ ತೂರಿ ಆಚೆ ಹೋಗುತ್ತಿತ್ತು. ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಕಣವೊಂದು ಇದರಲ್ಲಿರಬೇಕು ಎಂದು ವಾದಿಸಿದವರಲ್ಲಿ ಭಾಭಾ ಒಬ್ಬರು. ಇಂದು ಅದನ್ನು ಮ್ಯೂಯಾನ್ ಎನ್ನುತ್ತೇವೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ಹಾದುಹೋಗುತ್ತಿದೆ.

ಮ್ಯೂಯಾನ್‌ನ ಹೆಸರು ನೆನಪಿಟ್ಟುಕೊಳ್ಳಿ. ನ್ಯೂಟ್ರಿನೊ ಹುಡುಕುವವರಿಗೆ ಅದೇ ದೊಡ್ಡ ಕಾಟ, ಅದೇ ದೊಡ್ಡ ಸುಳಿವು ಕೂಡ.

ರಜೆಗೆ ಬಂದವರು ಬೆಂಗಳೂರಲ್ಲಿ ಉಳಿದರು

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಹಿಂತಿರುಗುವ ದಾರಿ ಮುಚ್ಚಿತು. ಆಗ ಅವರಿಗೆ ನೆಲೆ ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗ. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಸಿ.ವಿ. ರಾಮನ್. ಭಾಭಾ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿದರು. 1941ರಲ್ಲಿ, 31ನೇ ವಯಸ್ಸಿಗೆ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೊ ಆದರು.

ಅಲ್ಲಿಯವರೆಗೆ ಭಾಭಾ ಕಾಗದ-ಪೆನ್ಸಿಲಿನ ವಿಜ್ಞಾನಿ. ಬೆಂಗಳೂರಿನಲ್ಲಿ ಅವರು ಉಪಕರಣ ಕಟ್ಟುವ, ಎಣಿಸುವ ಕೆಲಸಕ್ಕೂ ಇಳಿದರು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಉಪಕರಣ ಇರಿಸಿ ಸುಮಾರು 30,000 ಅಡಿ ಎತ್ತರದಲ್ಲಿ ವಿಶ್ವಕಿರಣದ ಕಣಗಳನ್ನು ಎಣಿಸಲಾಯಿತು.

ಯುದ್ಧ ಮುಗಿದ ಮೇಲೆ ವಿದೇಶಕ್ಕೆ ಹೋಗಬಹುದಿತ್ತು. ಅವರು ಹೋಗಲಿಲ್ಲ. ಮೂಲವಿಜ್ಞಾನಕ್ಕೆಂದೇ ಒಂದು ಸಂಸ್ಥೆ ಬೇಕು ಎಂದು 1944ರಲ್ಲಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು. ಹೀಗೆ ಹುಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, 1945ರ ಜೂನ್‌ನಲ್ಲಿ ಕೆಲಸ ಆರಂಭಿಸಿದ್ದು ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು.

ಚಿನ್ನದ ಗಣಿಗೆ ಇಳಿದ ವಿಜ್ಞಾನ

ಸ್ವಾತಂತ್ರ್ಯದ ನಂತರ ಭಾಭಾ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಟ್ರಾಂಬೆ, 1956ರ ಅಪ್ಸರಾ ರಿಯಾಕ್ಟರ್, ಸಭೆ, ಪ್ರವಾಸ ಇವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಇಷ್ಟರ ನಡುವೆಯೂ ವಿಶ್ವಕಿರಣ ಅವರ ತಲೆಯಿಂದ ಹೋಗಲಿಲ್ಲ. ಎತ್ತರದಲ್ಲಿ ಎಣಿಸಿದ್ದಾಗಿತ್ತು. ಇನ್ನು ಆಳದಲ್ಲಿ ಎಣಿಸಬೇಕು. ನೆಲದೊಳಗೆ ಎಷ್ಟು ದೂರದವರೆಗೆ ಮ್ಯೂಯಾನ್‌ಗಳು ಇಳಿಯುತ್ತವೆ?

ಅದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಎಲ್ಲಿ? ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. 1951ರಲ್ಲಿ ಭಾಭಾ ಈ ಕೆಲಸ ಒಪ್ಪಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಯುವ ಸಂಶೋಧಕ ಬಿ.ವಿ. ಶ್ರೀಕಂಠನ್ ಅವರಿಗೆ. ಅವರು ಗೈಗರ್ ಕೌಂಟರ್‌ಗಳನ್ನು ಗಣಿಗೆ ಇಳಿಸಿ ಎಣಿಸತೊಡಗಿದರು. ಇದೇ ಶ್ರೀಕಂಠನ್ ಮುಂದೆ ಟಿಐಎಫ್‌ಆರ್ ನಿರ್ದೇಶಕರೂ ಆದರು.

ಆಳ ಹೆಚ್ಚಿದಷ್ಟೂ ಮ್ಯೂಯಾನ್ ಕಡಿಮೆಯಾಗುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಜಪಾನಿನ ಎಸ್. ಮಿಯಾಕೆ, ನಮ್ಮವರೇ ಆದ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಇನ್ನೂ ಕೆಳಕ್ಕೆ ಹೋದರು. 2.7 ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಎಣಿಕೆಗೆ ಸಿಕ್ಕ ಮ್ಯೂಯಾನ್‌ಗಳ ಸಂಖ್ಯೆ ಸೊನ್ನೆ.

ಬೋರ್‌ವೆಲ್ ಕೊರೆಸಿದವರಿಗೆ ಸೊನ್ನೆ ಎಂದರೆ ಸಾಲ. ಇಲ್ಲಿ ಸೊನ್ನೆಯೇ ನಿಧಿ. ಯಾಕೆ?

ಗದ್ದಲ ನಿಂತರೆ ಪಿಸುಮಾತು ಕೇಳುತ್ತದೆ

ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ, ತೂಕ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಭೂಮಿಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಇಡೀ ಭೂಮಿ ಅಡ್ಡ ಬಂದರೂ ಹೆಚ್ಚಿನವು ಯಾವುದಕ್ಕೂ ತಾಗದೆ ಆಚೆ ಹೋಗುತ್ತವೆ. ಅಪರೂಪಕ್ಕೆ ಒಂದು ತಾಗಿದರೆ ಮಾತ್ರ ಸುಳಿವು ಸಿಗುತ್ತದೆ.

ನೆಲದ ಮೇಲೆ ಕೂತು ಆ ಸುಳಿವಿಗೆ ಕಾದರೆ ಮ್ಯೂಯಾನ್‌ಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಎರಡು ಕಿಲೊಮೀಟರಿಗೂ ಹೆಚ್ಚು ಬಂಡೆ ಮೇಲಿದ್ದರೆ ಜಾತ್ರೆ ನಿಲ್ಲುತ್ತದೆ. ಕೆಜಿಎಫ್‌ನ ಸೊನ್ನೆ ಹೇಳಿದ್ದು ಇದನ್ನೇ.

ಹೀಗಾಗಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಒಂದಾದವು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೊಮೀಟರ್ ಕೆಳಗೆ, ಪ್ಲಾಸ್ಟಿಕ್ ಸಿಂಟಿಲೇಟರಿನ ಗೋಡೆಗಳನ್ನು ನಿಲ್ಲಿಸಿದರು. ಕಣ ಹಾದರೆ ಮಿಣುಕು ಬೆಳಕು ಕೊಡುವ ವಸ್ತು ಅದು. ನಡುವೆ ಕಣದ ಜಾಡು ತೋರಿಸುವ ನಿಯಾನ್ ಕೊಳವೆಗಳ ಸಾಲು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಗಾಳಿಯನ್ನು ತಣ್ಣಗೆ ಮಾಡಿ ಕೆಳಕ್ಕೆ ಕಳಿಸಬೇಕಿತ್ತು. ಒತ್ತಡಕ್ಕೆ ಬಂಡೆ ಸಿಡಿಯುವ ಭಯ ಬೇರೆ. ಗಣಿ ಕಾರ್ಮಿಕರು ದಿನವೂ ಬದುಕುತ್ತಿದ್ದ ಜಾಗ ಅದು. ಅವರು ತೋಡಿದ ಸುರಂಗ ಇಲ್ಲದಿದ್ದರೆ ಈ ಪ್ರಯೋಗವೂ ಇರುತ್ತಿರಲಿಲ್ಲ.

ಗೋಡೆಗಳನ್ನು ನಿಲ್ಲಿಸಿದ್ದರ ಹಿಂದೆ ಸರಳ ಯೋಚನೆಯಿತ್ತು. ಮೇಲಿನಿಂದ ಬರುವ ಮ್ಯೂಯಾನ್ ಅಪರೂಪಕ್ಕೆ ಅಲ್ಲಿಗೂ ತಲುಪಬಹುದು. ಆದರೆ ಅಡ್ಡಡ್ಡ ಬರುವ ಮ್ಯೂಯಾನ್ ಹೊರಗಿನಿಂದ ಬಂದದ್ದಾಗಿರಲು ಸಾಧ್ಯವಿಲ್ಲ, ಅಷ್ಟು ಉದ್ದದ ಬಂಡೆಯನ್ನು ಅದು ದಾಟಲಾರದು. ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೊ ಒಂದು ತಾಗಿ ಅದನ್ನು ಹುಟ್ಟಿಸಿರಬೇಕು. ಭಾಭಾ 1930ರ ದಶಕದಲ್ಲಿ ಬೆನ್ನುಹತ್ತಿದ ಕಣವೇ ಈಗ ನ್ಯೂಟ್ರಿನೊಗೆ ಸಾಕ್ಷಿ ಹೇಳುತ್ತಿತ್ತು.

1965ರಲ್ಲಿ ಅಂಥ ಜಾಡುಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಪತ್ತೆಯಾಗಿದೆ ಎಂಬ ವರದಿ ಆ ವರ್ಷದ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಬಂದದ್ದು ಆಗಸ್ಟ್ 30ರಂದು. ಆದರೆ ಅವರ ಉಪಕರಣದಲ್ಲಿ ಮೊದಲ ಜಾಡು ಫೆಬ್ರುವರಿಯಲ್ಲೇ ಬಿದ್ದಿತ್ತು. ಹಾಗಾಗಿ ಈ ಗೌರವ ಎರಡೂ ಗಣಿಗಳದ್ದು.

ಈಗ ಮೊದಲ ಫಾರ್ವರ್ಡಿಗೆ ಉತ್ತರ ಕೊಡಬಹುದು. ನ್ಯೂಟ್ರಿನೊ ಎಂಬ ಕಣವನ್ನು ಮೊದಲು ಹಿಡಿದದ್ದು ಕೆಜಿಎಫ್‌ನಲ್ಲಲ್ಲ. 1956ರಲ್ಲಿ ಅಮೆರಿಕದ ಒಂದು ರಿಯಾಕ್ಟರ್ ಬಳಿ ಅದೇ ರೈನ್ಸ್ ಮತ್ತು ಕ್ಲೈಡ್ ಕೋವನ್ ಅದನ್ನು ಪತ್ತೆ ಮಾಡಿದ್ದರು. ರೈನ್ಸ್ ಅವರಿಗೆ 1995ರಲ್ಲಿ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಕೆಜಿಎಫ್ ವರದಿಯಲ್ಲಿ ಭಾಭಾ ಅವರ ಹೆಸರೂ ಇಲ್ಲ. ಅದರಲ್ಲಿರುವುದು ಎಂ.ಜಿ.ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರ ಹೆಸರು. ಭಾಭಾ ಮಾಡಿದ್ದು ಬೇರೆ. ಹದಿನಾಲ್ಕು ವರ್ಷ ಮೊದಲೇ ಪ್ರಶ್ನೆ ಎತ್ತಿದರು, ಜನರನ್ನು ಗಣಿಗೆ ಕಳಿಸಿದರು, ಸೊನ್ನೆ ಎಣಿಸುವ ಕೆಲಸಕ್ಕೂ ಹಣ ಮತ್ತು ಧೈರ್ಯ ಕೊಟ್ಟ ಸಂಸ್ಥೆಯನ್ನು ಕಟ್ಟಿದರು. ಇದು ಸಣ್ಣದಲ್ಲ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿದರೆ ಮಾತ್ರ ಉಳಿದವರಿಗೆ ಅನ್ಯಾಯ.

ಹಿಮಪರ್ವತದ ಮೇಲೆ ಕೊನೆ

ಆ ವರದಿ ಬಂದು ಅರ್ಧ ವರ್ಷವೂ ಆಗಿರಲಿಲ್ಲ. 1966ರ ಜನವರಿ 24ರಂದು ಭಾಭಾ ವಿಯೆನ್ನಾದ ಸಭೆಯೊಂದಕ್ಕೆ ಹೊರಟಿದ್ದರು. ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಜಿನೀವಾದಲ್ಲಿ ಇಳಿಯುವ ಮುನ್ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಒಟ್ಟು 117 ಮಂದಿ ತೀರಿಕೊಂಡರು. ಭಾಭಾ ಅವರಿಗೆ 56 ವರ್ಷ. ಮದುವೆಯಾಗಿರಲಿಲ್ಲ. ಅವರು ಬರೆದ ಚಿತ್ರಗಳು, ಸಂಗೀತದ ಹುಚ್ಚು, ಕಟ್ಟಿದ ಸಂಸ್ಥೆಗಳು ಉಳಿದವು.

ಇದು ಸಂಚು ಎಂಬ ಮಾತು ಇಂದಿಗೂ ಸುತ್ತುತ್ತಿದೆ. ಫ್ರಾನ್ಸಿನ ತನಿಖೆ ಹೇಳಿದ್ದು ಬೇರೆ. ವಿಮಾನದ ದಿಕ್ಕು ತಿಳಿಸುವ ಉಪಕರಣವೊಂದು ಕೆಟ್ಟಿತ್ತು. ವಿಮಾನ ಎಲ್ಲಿದೆ ಎಂದು ನಿಯಂತ್ರಣ ಕೇಂದ್ರದವರು ಹೇಳಿದ್ದನ್ನು ಪೈಲಟ್ ತಪ್ಪಾಗಿ ಅರ್ಥ ಮಾಡಿಕೊಂಡರು. ಪರ್ವತ ದಾಟಿದ್ದೇವೆ ಎಂದುಕೊಂಡು ವಿಮಾನವನ್ನು ಕೆಳಗಿಳಿಸಿದರು. ಇದನ್ನು ಸುಳ್ಳಾಗಿಸುವ ಪುರಾವೆಯನ್ನು ಯಾರೂ ಸಾರ್ವಜನಿಕವಾಗಿ ಮುಂದಿಟ್ಟಿಲ್ಲ. ಪುರಾವೆಯಿಲ್ಲದ ಆರೋಪವನ್ನು ಹಂಚುವುದು ಸತ್ತವರಿಗೆ ತೋರುವ ಗೌರವವಲ್ಲ.

ಲೆಕ್ಕ ತಪ್ಪಿದ ನ್ಯೂಟ್ರಿನೊಗಳು

ಭಾಭಾ ನೋಡಲಾಗದ ಅಧ್ಯಾಯ ಇಲ್ಲಿಂದ ಶುರು. 1968ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಎಂಬ ಇನ್ನೊಂದು ಚಿನ್ನದ ಗಣಿಯಿಂದ ವಿಚಿತ್ರ ಸುದ್ದಿ ಬಂತು. ರೇಮಂಡ್ ಡೇವಿಸ್ ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಎಣಿಸುತ್ತಿದ್ದರು. ಲೆಕ್ಕದ ಪ್ರಕಾರ ಬರಬೇಕಾದದ್ದರಲ್ಲಿ ಸಿಕ್ಕದ್ದು ಸುಮಾರು ಮೂರನೇ ಒಂದು ಪಾಲು. ಸೂರ್ಯನ ಬಗ್ಗೆ ನಮ್ಮ ತಿಳಿವಳಿಕೆ ತಪ್ಪೇ? ಡೇವಿಸ್ ಎಣಿಕೆ ತಪ್ಪೇ? ಜಗಳ ಮೂವತ್ತು ವರ್ಷ ನಡೆಯಿತು.

ಎರಡೂ ತಪ್ಪಿರಲಿಲ್ಲ. ಇದನ್ನು ನಮ್ಮ ರೈಲಿನಲ್ಲಿ ಕೂತು ಅರ್ಥಮಾಡಿಕೊಳ್ಳೋಣ. ಬೆಂಗಳೂರಿನಲ್ಲಿ ನೂರು ಜನ ಕೆಂಪು ಶಾಲು ಹೊದ್ದು ರೈಲು ಹತ್ತಿದರು. ಕಡೂರು, ಬೀರೂರು ದಾಟಿ ಅಜ್ಜಂಪುರದಲ್ಲಿ ಇಳಿಯುವಾಗ ನೀವು ಕೆಂಪು ಶಾಲಿನವರನ್ನು ಮಾತ್ರ ಎಣಿಸಿದಿರಿ. ಸಿಕ್ಕವರು ಮೂವತ್ತಮೂರು. ಉಳಿದವರು ದಾರಿಯಲ್ಲಿ ಇಳಿದುಹೋಗಲಿಲ್ಲ. ಶಾಲು ಬದಲಿಸಿಕೊಂಡಿದ್ದರು, ಅಷ್ಟೆ.

ನ್ಯೂಟ್ರಿನೊಗಳಲ್ಲಿ ಮೂರು ಬಗೆ: ಎಲೆಕ್ಟ್ರಾನ್, ಮ್ಯೂಯಾನ್ ಮತ್ತು ಟೌ. ಸಾಗುತ್ತ ಸಾಗುತ್ತ ಒಂದು ಬಗೆ ಇನ್ನೊಂದಾಗುತ್ತದೆ, ಮತ್ತೆ ಹಿಂದಿನದಾಗುತ್ತದೆ. ಇದೇ ನ್ಯೂಟ್ರಿನೊ ಆಸಿಲೇಷನ್. ಹೀಗಾಗಬಹುದು ಎಂಬ ಊಹೆಯ ಬೀಜವನ್ನು ಬ್ರೂನೊ ಪೊಂಟೆಕೊರ್ವೊ 1957ರಲ್ಲೇ ಬಿತ್ತಿದ್ದರು. ನ್ಯೂಟ್ರಿನೊಗೆ ಎಳ್ಳಷ್ಟಾದರೂ ತೂಕ ಇದ್ದರೆ ಮಾತ್ರ ಇದು ಸಾಧ್ಯ.

ಪರೀಕ್ಷೆ ಮತ್ತೆ ನೆಲದಡಿಯಲ್ಲೇ ಆಯಿತು. ಜಪಾನಿನ ಸೂಪರ್ ಕಮಿಯೊಕಾಂಡೆ, ಬೆಟ್ಟದ ಅಡಿ ಒಂದು ಕಿಲೊಮೀಟರ್ ಕೆಳಗೆ ಇಟ್ಟ 50,000 ಟನ್ ನೀರಿನ ತೊಟ್ಟಿ. ಅದು ಎಣಿಸಿದ್ದು ಕೆಜಿಎಫ್‌ನಲ್ಲಿ ಸಿಕ್ಕಂಥದೇ ವಾತಾವರಣದ ನ್ಯೂಟ್ರಿನೊಗಳನ್ನು. ತಲೆಯ ಮೇಲಿನಿಂದ ಬರುವವು ಹತ್ತಿಪ್ಪತ್ತು ಕಿಲೊಮೀಟರ್ ಮಾತ್ರ ಸಾಗಿರುತ್ತವೆ. ಪಾದದ ಕಡೆಯಿಂದ ಬರುವವು ಇಡೀ ಭೂಮಿ ದಾಟಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ಸಾಗಿ ಬಂದಿರುತ್ತವೆ. ಬೀರೂರಲ್ಲಿ ಹತ್ತಿದವರಿಗೆ ಶಾಲು ಬದಲಿಸಲು ಪುರಸೊತ್ತಿಲ್ಲ, ಬೆಂಗಳೂರಲ್ಲಿ ಹತ್ತಿದವರಿಗೆ ಇದೆ. ಕೆಳಗಿನಿಂದ ಬಂದ ಮ್ಯೂಯಾನ್ ಬಗೆಯ ನ್ಯೂಟ್ರಿನೊಗಳಲ್ಲಿ ಸುಮಾರು ಅರ್ಧ ಕಾಣೆಯಾಗಿದ್ದವು. 1998ರಲ್ಲಿ ಇದು ಪ್ರಕಟವಾಯಿತು. ಕೆನಡಾದ ಸಡ್‌ಬರಿ ನಿಕ್ಕಲ್ ಗಣಿಯಲ್ಲಿ, ಎರಡು ಕಿಲೊಮೀಟರ್ ಆಳದಲ್ಲಿ, 1,000 ಟನ್ ಭಾರಜಲ ಇಟ್ಟವರು ಎಲ್ಲ ಬಣ್ಣದ ಶಾಲಿನವರನ್ನೂ ಒಟ್ಟಿಗೆ ಎಣಿಸಿದರು. ಸೂರ್ಯನ ಲೆಕ್ಕ ಸರಿಹೋಯಿತು. 2015ರ ನೊಬೆಲ್ ಈ ಎರಡು ಪ್ರಯೋಗಗಳ ತಕಾಕಿ ಕಾಜಿತಾ ಮತ್ತು ಆರ್ಥರ್ ಮೆಕ್‌ಡೊನಾಲ್ಡ್ ಅವರಿಗೆ ಹೋಯಿತು.

ಹಾಗಾದರೆ ಕೆಜಿಎಫ್‌ನಲ್ಲಿ ಇದನ್ನು ಯಾಕೆ ಹಿಡಿಯಲಾಗಲಿಲ್ಲ? ಅಲ್ಲಿ ಸಿಕ್ಕ ನ್ಯೂಟ್ರಿನೊ ಜಾಡುಗಳು ಬೆರಳೆಣಿಕೆಯಷ್ಟು. ಅರ್ಧ ಕಾಣೆಯಾಗಿದೆ ಎನ್ನಲು ಮೊದಲು ಸಾವಿರಗಟ್ಟಲೆ ಎಣಿಸಿರಬೇಕು. ಅದಕ್ಕೆ ದೊಡ್ಡ ಉಪಕರಣ, ದೀರ್ಘಕಾಲ ಬೇಕು. 1980ರ ದಶಕದಲ್ಲಿ ಕೆಜಿಎಫ್‌ನಲ್ಲಿ ಪ್ರೋಟಾನ್ ಸಾಯುತ್ತದೆಯೇ ಎಂದು ನೋಡುವ 140 ಟನ್ನಿನ ಉಪಕರಣ ಇತ್ತು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಯೇ ಮುಚ್ಚಿತು. ಕೆಲಸ ಹೋದ ಸಾವಿರಾರು ಮನೆಗಳ ಜೊತೆ ದೇಶದ ಅತಿ ಆಳದ ಪ್ರಯೋಗಾಲಯದ ಬಾಗಿಲೂ ಮುಚ್ಚಿತು.

ಇನ್ನೂ ಬಿಡಿಸದ ಒಗಟು

ಎಲ್ಲ ಲೆಕ್ಕ ಸರಿಹೋಗಿಲ್ಲ. ರಷ್ಯಾದ ಬಕ್ಸಾನ್ ಎಂಬಲ್ಲಿ ಬೆಟ್ಟದಡಿಯ ಪ್ರಯೋಗಾಲಯವಿದೆ. ಅಲ್ಲಿ ಗ್ಯಾಲಿಯಂ ಲೋಹದ ನಡುವೆ ನ್ಯೂಟ್ರಿನೊ ಸೂಸುವ ಕ್ರೋಮಿಯಂ ಇಟ್ಟು ಎಣಿಸಿದಾಗ ಐದರಲ್ಲಿ ಒಂದು ಪಾಲಿನಷ್ಟು ಕೊರತೆ ಕಂಡಿತು. ಯಾವುದಕ್ಕೂ ತಾಗದ ನಾಲ್ಕನೇ ಬಗೆ ಇರಬಹುದೇ ಎಂಬ ಪ್ರಶ್ನೆ ಎದ್ದಿತು. ಆದರೆ ಬೇರೆ ಬೇರೆ ಪ್ರಯೋಗಗಳು ಹುಡುಕಿದರೂ ಆ ನಾಲ್ಕನೆಯದು ಕೈಗೆ ಸಿಕ್ಕಿಲ್ಲ. ಚೀನಾದಲ್ಲಿ 700 ಮೀಟರ್ ಆಳದ ಜೂನೊ ಎಂಬ 20,000 ಟನ್ನಿನ ಪತ್ತೆಯಂತ್ರ 2025ರಲ್ಲಿ ಕೆಲಸ ಶುರುಮಾಡಿದೆ. ಮೂರು ಬಗೆಗಳಲ್ಲಿ ಯಾವುದು ಹಗುರ, ಯಾವುದು ಭಾರ ಎಂಬ ಲೆಕ್ಕ ಬಿಡಿಸುವುದು ಅದರ ಮುಖ್ಯ ಗುರಿ.

ನಮ್ಮಲ್ಲಿ ತಮಿಳುನಾಡಿನ ತೇನಿ ಬಳಿ ಬೆಟ್ಟದೊಳಗೆ 50,000 ಟನ್ ಕಬ್ಬಿಣದ ಪತ್ತೆಯಂತ್ರ ಕಟ್ಟುವ ಯೋಜನೆಗೆ 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಸ್ಥಳೀಯರ ವಿರೋಧ, ಪರಿಸರ ಅನುಮತಿಯ ವ್ಯಾಜ್ಯದಲ್ಲಿ ಅದು ಸಿಕ್ಕಿಕೊಂಡಿತು. ಕಾಡು, ನೀರು, ಬೆಟ್ಟದ ಬಗ್ಗೆ ಜನರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ನ್ಯೂಟ್ರಿನೊದಿಂದ ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಪತ್ತೆಯಂತ್ರ ನ್ಯೂಟ್ರಿನೊಗಳನ್ನು ಹುಟ್ಟಿಸುವುದಿಲ್ಲ, ಹೇಗೂ ಬರುತ್ತಿರುವುದನ್ನು ಎಣಿಸುತ್ತದೆ. ಅಂಥವು ನಿಮ್ಮ ಅಜ್ಜಿಯ ಮೈಯೊಳಗೂ ಹಾದುಹೋಗಿವೆ, ತೊಟ್ಟಿಲ ಕೂಸಿನ ಮೈಯೊಳಗೂ ಹಾದುಹೋಗುತ್ತಿವೆ.

ನೆನಪಿನಲ್ಲಿ ಇಡಬೇಕಾದ್ದು ಇಷ್ಟು

• ನ್ಯೂಟ್ರಿನೊ ಕಂಡುಹಿಡಿದದ್ದು ಭಾಭಾ: ತಪ್ಪು. 1956ರಲ್ಲಿ ಕೋವನ್ ಮತ್ತು ರೈನ್ಸ್.
• ವಾತಾವರಣದ ನ್ಯೂಟ್ರಿನೊ 1965ರಲ್ಲಿ ಕೆಜಿಎಫ್‌ನಲ್ಲಿ ಪತ್ತೆಯಾಯಿತು: ನಿಜ. ವರದಿ ಮೊದಲು ಬಂದದ್ದು ಇಲ್ಲಿಂದ, ದಕ್ಷಿಣ ಆಫ್ರಿಕಾದ ತಂಡಕ್ಕೂ ಸಮಪಾಲು.
• ನ್ಯೂಟ್ರಿನೊ ಆರೋಗ್ಯಕ್ಕೆ ಅಪಾಯ: ತಪ್ಪು.
• ಭಾಭಾ ಸಾವು ಸಂಚು: ಪುರಾವೆಯಿಲ್ಲ. ಅಧಿಕೃತ ತನಿಖೆ ಹೇಳಿದ್ದು ಅಪಘಾತ ಎಂದು.

ಭಾಭಾ ಅವರ ದೊಡ್ಡತನಕ್ಕೆ ಸುಳ್ಳು ನೊಬೆಲ್ ಕತೆಯ ಊರುಗೋಲು ಬೇಡ. ಫಲ ಯಾವಾಗ ಬರುತ್ತದೋ ಗೊತ್ತಿಲ್ಲದ ಕೆಲಸಕ್ಕೆ ಹುಡುಗರನ್ನು ಗಣಿಗೆ ಇಳಿಸಿದರು. ಎರಡು ತಿಂಗಳ ಸೊನ್ನೆಯನ್ನು ಸೊನ್ನೆ ಎಂದೇ ಬರೆದುಕೊಂಡವರು ಅವರ ಸಂಸ್ಥೆಯವರು. ಮುಂದಿನ ಸಲ ಗ್ರೂಪಿನಲ್ಲಿ ಕೆಜಿಎಫ್ ಎಂದರೆ ಬರೀ ಸಿನಿಮಾ ಎಂದು ಯಾರಾದರೂ ಬರೆದರೆ ಈ ಕತೆಯನ್ನು ಅವರಿಗೂ ಕಳಿಸಿ.